ಎರಡು ಕಿಟ್ಲಿಗಳ ನಡುವಿನ ಶೆಟ್ಟೆಪ್ಪ

ಮಮದಾಪುರದ ಶೆಟ್ಟೆಪ್ಪ ಚಹಾ ಕುಡಿಯುತ್ತಿರಲಿಲ್ಲ. ಅದು ವ್ರತವೂ ಆಗಿರಲಿಲ್ಲ, ಹಟವೂ ಆಗಿರಲಿಲ್ಲ. ಕುರಿ ಹಿಂಡಿನ ಹಿಂದೆ ಅಡ್ಡಾಡುತ್ತ ಬೆಳೆದವನು. ಚಿಕ್ಕಂದಿನಲ್ಲಿ ಹಾಲು ಕೊಟ್ಟರು, ಮಜ್ಜಿಗೆ ಕೊಟ್ಟರು, ಚಹಾ ಯಾರೂ ಕೊಡಲಿಲ್ಲ. ದೊಡ್ಡವನಾದ ಮೇಲೆ ಅಂಕಲಗಿಯ ಒಂದು ಮದುವೆಯಲ್ಲಿ ಮುಲಾಜಿಗೆ ಒಂದು ಕಪ್ಪು ಕುಡಿದು ಎದೆ ಉರಿಸಿಕೊಂಡ. ಆ ವಿಷಯ ಅಲ್ಲಿಗೆ ಮುಗಿಯಿತು. ಇಷ್ಟು ಸಣ್ಣ ಸಂಗತಿಯೊಂದು ಐವತ್ತಾರು ವರ್ಷದ ಕಸುಬುದಾರನ ಕೈ ಕೆಡಿಸಿತು ಎಂದರೆ ನಂಬುವುದು ಕಷ್ಟ. ಅವನು ದುಡಿಯುತ್ತಿದ್ದ ಕಾರ್ಖಾನೆಯ ಸಾಹೇಬರನ್ನು ಕಂಡವರಿಗೆ ಮಾತ್ರ ಕಷ್ಟವಾಗದು.

ಹತ್ತರಗಿಯ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ಹೊರಳಿದರೆ ಸಿಗುವ ಸಕ್ಕರೆ ಕಾರ್ಖಾನೆ ಅದು. ಹೆಸರು ಬೇಕಾಗಿಲ್ಲ. ಶೆಟ್ಟೆಪ್ಪ ಅಲ್ಲಿ ಇಪ್ಪತ್ತಾರು ಹಂಗಾಮುಗಳಿಂದ ಮೂರನೇ ಪ್ಯಾನು ನೋಡಿಕೊಳ್ಳುತ್ತಿದ್ದ. ಪ್ಯಾನು ಎಂದರೆ ಎರಡು ಆಳೆತ್ತರದ ಮುಚ್ಚಿದ ಕಡಾಯಿ. ಒಳಗಿನ ಗಾಳಿಯನ್ನು ಹೀರಿ ತೆಗೆದು ಕಡಿಮೆ ಕಾವಿನಲ್ಲಿ ಕಬ್ಬಿನ ಪಾಕವನ್ನು ಕುದಿಸುತ್ತಾರೆ. ಪಾಕ ಹದಕ್ಕೆ ಬಂದ ಗಳಿಗೆಯಲ್ಲಿ ಸಕ್ಕರೆಯ ನುಣ್ಣನೆ ಬೀಜ ಬಿಟ್ಟರೆ ಅದೇ ಬೆಳೆದು ಹರಳು ಕಟ್ಟುತ್ತದೆ. ಮುಂದೆ ಕಾವು ಅಥವಾ ಹದ ತಪ್ಪಿದರೆ ನಡುವೆ ಬೇಡದ ಪುಡಿ ಹುಟ್ಟಿಕೊಂಡು ಒಳ್ಳೆಯ ಹರಳಿನ ಮೈಗೆ ಮೆತ್ತುತ್ತದೆ. ಅದನ್ನು ಶೆಟ್ಟೆಪ್ಪ ಕಳ್ಳ ಹರಳು ಎನ್ನುತ್ತಿದ್ದ. ಕಳ್ಳ ಹರಳು ಕಂಡರೆ ನೀರು ಬಿಟ್ಟು ಕರಗಿಸಿ ಮತ್ತೆ ತಾಸುಗಟ್ಟಲೆ ಕುದಿಸಬೇಕು. ಕಾಣದೆ ಹೋದರೆ ಸಕ್ಕರೆ ಮಾಸಲಾಗಿ ಚೀಲ ಸೇರುತ್ತದೆ.

ಗೋಡೆಯ ಮೇಲೆ ಮುಳ್ಳು ಕುಣಿಸುವ ಮೀಟರುಗಳು ಬೇಕಾದಷ್ಟಿದ್ದವು. ಆದರೆ ಹದವನ್ನು ಕೊನೆಗೆ ನಿರ್ಧರಿಸುವುದು ಕಣ್ಣು ಮತ್ತು ಬೆರಳು. ಶೆಟ್ಟೆಪ್ಪ ಹಿತ್ತಾಳೆಯ ಸರಳಿನಿಂದ ಒಂದಿಷ್ಟು ಪಾಕ ಸೆಳೆದು, ಅಂಗೈ ಅಗಲದ ಗಾಜಿನ ತುಂಡಿನ ಮೇಲೆ ಸವರಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಎಳೆದು ನೋಡುತ್ತಿದ್ದ. ಓದಿದ್ದು ಏಳನೇ ಇಯತ್ತೆ. ಗಾಜಿನ ತುಂಡು ಅವನದೇ, ಅಂಚು ಸವೆದು ನುಣುಪಾಗಿತ್ತು. ಪ್ಯಾನು ಇಳಿಸುವಾಗ, ಅಂದರೆ ಹರಳುಗಟ್ಟಿದ ಪಾಕವನ್ನು ಕೆಳಗೆ ಬಿಡುವಾಗ, ಅವನ ಬಾಯಿಂದ ಮಾತು ಬರುತ್ತಿರಲಿಲ್ಲ, ಮಾತಾಡಿಸಿದವರಿಗೆ ಉತ್ತರವೂ ಸಿಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನ ಪ್ಯಾನಿನಿಂದ ಮಾಸಲು ಸಕ್ಕರೆ ಇಳಿದಿರಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಆ ನಾಲ್ಕನ್ನೂ ಹೀಗೇ ಮುಗಿಸಿ ಗಾಜನ್ನು ಮನೆಗೆ ಒಯ್ಯಬೇಕು ಎನ್ನುವುದೊಂದೇ ಅವನ ಆಸೆ. ಅದಕ್ಕಿಂತ ದೊಡ್ಡ ಆಸೆ ಇಟ್ಟುಕೊಳ್ಳುವಷ್ಟು ಅವನು ಮೂರ್ಖನಾಗಿರಲಿಲ್ಲ.

ಮೂರ್ಖರು ಕೆಳಗೆ ಇದ್ದರು, ಗಾಳಿ ಬೀಸುವ ಫ್ಯಾನಿನ ಅಡಿಯಲ್ಲಿ.

ಒಬ್ಬ ಕಾಶಿನಾಥ, ಮುಖ್ಯ ರಸಾಯನಜ್ಞ. ಪದವಿ ಇತ್ತು, ಪ್ಯಾನಿನ ಮಾಳಿಗೆಗೆ ಹತ್ತುವ ಅಭ್ಯಾಸ ಇರಲಿಲ್ಲ, ಅಲ್ಲಿ ಸೆಕೆ ಹೆಚ್ಚು. ಇನ್ನೊಬ್ಬ ಶ್ರೀಶೈಲ, ಕಾರ್ಮಿಕ ಕಲ್ಯಾಣಾಧಿಕಾರಿ. ರಜೆ, ಪಾಳಿ, ಕ್ವಾರ್ಟರ್ಸು ಇವನ ಕೈಯಲ್ಲಿದ್ದವು. ಯಾರ ಕಲ್ಯಾಣ ಯಾವಾಗ ಆಗಬೇಕೆಂದು ನಿರ್ಧರಿಸುವುದರಲ್ಲೇ ಅವನ ದಿನ ಹೋಗುತ್ತಿತ್ತು. ಕ್ಯಾಂಟೀನೂ ಅವನದೇ ಉಸ್ತುವಾರಿ. ಒಂದು ದಿನ ಕಾಶಿನಾಥ ಕ್ಯಾಂಟೀನಿನ ಚಹಾ ಕುಡಿದು, ನಾಲ್ಕು ಜನರ ಮುಂದೆ, "ಇದು ಚಾ ಅಲ್ಲೋ, ಬಾಂಡೆ ತೊಳದ ನೀರ" ಎಂದ. ಮರುದಿನದಿಂದ ತನ್ನ ಲ್ಯಾಬಿಗೆ ಗೇಟಿನ ಆಚೆಯ ಹೋಟೆಲಿನಿಂದ ಚಹಾ ತರಿಸತೊಡಗಿದ. ಹೋಟೆಲು ಅವನ ಷಡ್ಡಕನದು ಎಂದು ಶ್ರೀಶೈಲ ಪತ್ತೆ ಹಚ್ಚಿದ. ಕಾರ್ಖಾನೆಯಲ್ಲಿ ಅವನು ಹಚ್ಚಿದ ಪತ್ತೆ ಅದೊಂದೇ ಇರಬೇಕು.

ಅಂದಿನಿಂದ ದಿನವೂ ನಾಲ್ಕಕ್ಕೆ ಎರಡು ಕಿಟ್ಲಿ. ಹೋಟೆಲಿನ ಸ್ಟೀಲು ಕಿಟ್ಲಿ ಲ್ಯಾಬಿಗೆ, ಕ್ಯಾಂಟೀನಿನ ಅಲ್ಯುಮಿನಿಯಮ್ಮಿನ ಜರ್ಮನ್ ಕಿಟ್ಲಿ ಶ್ರೀಶೈಲ ಕೂರುವ ಟೈಮ್ ಆಫೀಸಿಗೆ. ಯಾರು ಯಾವ ಕಿಟ್ಲಿಯ ಚಹಾ ಕುಡಿದರೋ ಅವರು ಆ ಸಾಹೇಬನ ಪೈಕಿ. ಯಾರ ಪೈಕಿ ಎಂಬುದರ ಮೇಲೆ ರಜೆ, ಯಾರ ಪೈಕಿ ಎಂಬುದರ ಮೇಲೆ ಪಾಳಿ. ಇದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ, ಯಾರೂ ಮರೆಯಲೂ ಇಲ್ಲ. ವಾಟ್ಸಾಪಿನಲ್ಲಿ ಎರಡು ಗುಂಪು ಆದವು. ಕಬ್ಬು ಅರೆಯುವ ಗಾಣ ನಿಂತರೆ ಏಕೆ ನಿಂತಿತು ಎಂದು ಕೇಳುವುದು ಬಿಟ್ಟು, ಪಾಳಿಯಲ್ಲಿ ಯಾರ ಪೈಕಿಯವರಿದ್ದರು ಎಂದು ಕೇಳುವಷ್ಟರ ಮಟ್ಟಿಗೆ ಆಡಳಿತ ಸುಧಾರಿಸಿತು.

ಈ ನಡುವೆ ಶೆಟ್ಟೆಪ್ಪ ಪ್ಯಾನಿನ ಬಾಜೂ ನಿಂತು ಹಳೇ ಸೋಡಾ ಬಾಟಲಿಯಿಂದ ಮಜ್ಜಿಗೆ ಕುಡಿಯುತ್ತಿದ್ದ.

ಹದಿನೈದು ದಿನ ಯಾರೂ ಗಮನಿಸಲಿಲ್ಲ. ಆಮೇಲೆ ಗಮನಿಸಿದರು. ಚಹಾ ಕುಡಿಯುವುದಿಲ್ಲವೆಂದರೆ ಏನೋ ಮುಚ್ಚಿಡುತ್ತಿದ್ದಾನೆ. ಅವನು ಶ್ರೀಶೈಲನ ಗುಪ್ತ ಮನುಷ್ಯನೆಂದು ಕಾಶಿನಾಥ ತೀರ್ಮಾನಿಸಿದ. ಕಾಶಿನಾಥನ ಮನುಷ್ಯನೆಂದು ಶ್ರೀಶೈಲ. ಪ್ಯಾನಿನ ಸಹಾಯಕ ಸಿದ್ರಾಯ ಎರಡೂ ಕಡೆ ಚಹಾ ಕುಡಿದು ಎರಡೂ ಕಡೆ ಸುದ್ದಿ ಮುಟ್ಟಿಸುವ ನಲವತ್ತರ ಗಂಡಸು. ಅವನು ಲ್ಯಾಬಿಗೆ ಹೋಗಿ ಹೇಳಿದ:

"ಸಾಹೇಬ್ರ, ಆ ಮಜ್ಜಿಗಿ ಯಾವ ಎಮ್ಮೀದು ಗೊತ್ತೇನ್ರಿ? ಮೂಡಲಗಿ ದನದ ಪ್ಯಾಟ್ಯಾಗ ತಂದದ್ದು. ಮಾರಿದಾಂವ ಶ್ರೀಶೈಲ ಸಾಹೇಬ್ರ ಮಾವನ ಊರಾಂವ."

ಕಾಶಿನಾಥ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ನಾ ಅವತ್ತ ಅಂದಿನ್ಯೊ ಇಲ್ಲೋ?" ಎಂದ. ಎಮ್ಮೆಯ ಮೂಲಕ ಒಬ್ಬ ಮನುಷ್ಯನ ನಿಷ್ಠೆ ಅಳೆಯುವುದು ಆ ಲ್ಯಾಬಿನಲ್ಲಿ ಅಂದು ನಡೆದ ಒಂದೇ ಪರೀಕ್ಷೆ.

ಶಿಕ್ಷೆ ಎರಡೂ ಕಡೆಯಿಂದ ಬಂತು. ಮಗಳು ಅರ್ಚನಾಳ ಬಾಣಂತನಕ್ಕೆ ಶೆಟ್ಟೆಪ್ಪ ಕೇಳಿದ ಎರಡು ದಿನ ರಜೆಗೆ ಶ್ರೀಶೈಲ ಸಹಿ ಹಾಕಲಿಲ್ಲ. ಕಾಶಿನಾಥ ಅವನ ಪ್ಯಾನಿಗೆ ಬೇಕಾದ ಬೀಜವನ್ನು ತಡ ಮಾಡಿ ಕಳಿಸತೊಡಗಿದ. ವಾರದ ಪಾಳಿ ಬದಲಾಗಬೇಕಾದದ್ದು ಬದಲಾಗದೆ ಎರಡನೇ ಪಾಳಿಯಲ್ಲೇ ತಿಂಗಳು ಕಳೆಯಿತು. ಶೆಟ್ಟೆಪ್ಪನಿಗೆ ಕಾರಣ ತಿಳಿಯಲಿಲ್ಲ. ಸಿದ್ರಾಯನೇ ತಿಳಿಸಿಕೊಟ್ಟ.

"ಕಾಕಾ, ನಿಂದ ತಪ್ಪೈತಿ. ಚಾ ಕುಡಿ."

"ನನಗ ಎದಿ ಉರೀತೈತಲೇ."

"ಎದಿ ಉರದ್ರ ಒಂದ ಗುಳಿಗಿ. ಸಾಹೇಬ್ರು ಉರದ್ರ ಎಲ್ಲಿ ಗುಳಿಗಿ ತರ್ತಿ?"

"ಯಾರದ ಕುಡೀಲಿ?"

"ಎರಡೂ ಕುಡಿ. ನನ್ನ ನೋಡು, ನನಗೇನಾಗೇತಿ?"

ಸಿದ್ರಾಯನಿಗೆ ಏನೂ ಆಗಿರಲಿಲ್ಲ, ಖರೆ. ಮಾಡುವ ಕೆಲಸವಿಲ್ಲದವನ ಕೆಲಸ ಕೆಡುವುದು ಹೇಗೆ?

ಇಲ್ಲಿ ಶೆಟ್ಟೆಪ್ಪನ ತಪ್ಪನ್ನೂ ಹೇಳಲೇಬೇಕು. ಇಪ್ಪತ್ತಾರು ವರ್ಷ ಯಾರ ಮುಖವನ್ನೂ ನೋಡದೆ ಪ್ಯಾನು ನೋಡಿದವನು, ಇನ್ನು ನಾಲ್ಕು ವರ್ಷ ಹಾಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಂದು ಮನೆಯಲ್ಲಿ ಹೆಂಡತಿ ಹಣಮವ್ವನ ಮುಂದೆ ವಿಷಯ ತೆಗೆದ.

"ನಾಳಿಂದ ಚಾ ಕುಡ್ಯಾಂವ ಅದೀನಿ."

"ಯಾಕ್ರಿ, ಎಮ್ಮಿ ಹಾಲ ಬಿಟ್ಟೇತೇನ?"

"ಸಾಹೇಬ್ರ ಸಲುವಾಗಿ."

ಹಣಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವರ ಸಲುವಾಗಿ ಇವತ್ತ ಚಾ ಕುಡೀತೀರಿ. ನಾಳೆ ಅವರ ಸಲುವಾಗಿ ಏನ ಕುಡೀತೀರಿ, ಅದನ್ನೂ ಕೇಳ್ಕೊಂಡ ಬರ್ರಿ" ಎಂದಳು.

ಪ್ಯಾನಿನ ಮಾಳಿಗೆಯಿಂದ ಲ್ಯಾಬಿಗೆ ಅರವತ್ತೆರಡು ಮೆಟ್ಟಿಲು. ಅಲ್ಲಿಂದ ಟೈಮ್ ಆಫೀಸಿಗೆ ಅಂಗಳ ದಾಟಬೇಕು. ಮರುದಿನ ನಾಲ್ಕಕ್ಕೆ ಶೆಟ್ಟೆಪ್ಪ ಇಳಿದು ಲ್ಯಾಬಿನಲ್ಲಿ ಅರ್ಧ ಕಪ್ಪು ಕುಡಿದ, ಟೈಮ್ ಆಫೀಸಿನಲ್ಲಿ ಅರ್ಧ ಕಪ್ಪು ಕುಡಿದ, ಮತ್ತೆ ಹತ್ತಿದ. ಎರಡೂ ಕಡೆ ಸಾಹೇಬರು ನಕ್ಕರು. ರಜೆ ಮಂಜೂರಾಯಿತು. ಬೀಜ ವೇಳೆಗೆ ಬಂತು. ಕುಡಿಯುವವನ ಎದೆ ಮಾತ್ರ ಉರಿಯುತ್ತಿತ್ತು.

ಪ್ಯಾನಿಗೆ ನಾಲ್ಕು ಗಂಟೆ ಗೊತ್ತಿಲ್ಲ. ಅದು ತನಗೆ ಬೇಕಾದಾಗ ಹದಕ್ಕೆ ಬರುತ್ತದೆ. ಸಂಕ್ರಮಣ ಕಳೆದ ಮೂರನೇ ದಿನ ಸರಿಯಾಗಿ ನಾಲ್ಕಕ್ಕೇ ಬಂತು. ಬೀಜ ಬಿಟ್ಟಾಗಿತ್ತು, ಹರಳು ಕಣ್ಣು ಬಿಡುತ್ತಿತ್ತು. ಇನ್ನು ಅರ್ಧ ತಾಸು ಅದರ ಮುಂದಿನಿಂದ ಕದಲಬಾರದು. ಕೆಳಗಿನಿಂದ ಸಿದ್ರಾಯ ಕೂಗಿದ: "ಕಾಕಾ, ಸಾಹೇಬ್ರು ಕಾಯಾಕತ್ತಾರ!"

ಶೆಟ್ಟೆಪ್ಪ ಗಾಜನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಇಳಿದ.

ಕಾಶಿನಾಥ ಅಂದು ತಾನು ಕೊಲ್ಲಾಪುರದಲ್ಲಿ ಕಲಿಯುವಾಗಿನ ಕಥೆ ಹೇಳುತ್ತಿದ್ದ. ಕಥೆಯಲ್ಲಿ ಕಾಶಿನಾಥನೇ ಜಾಣ, ಉಳಿದವರೆಲ್ಲ ದಡ್ಡರು. ಕಪ್ಪು ಹಿಡಿದು ನಿಂತ ಶೆಟ್ಟೆಪ್ಪನಿಗೆ ಮೇಲಿನ ಸದ್ದು ಕೇಳಿಸುತ್ತಿತ್ತು. ಗಾಳಿ ಹೀರುವ ಯಂತ್ರದ ಗುಂಯ್ಗುಡುವಿಕೆ ಸ್ವಲ್ಪ ಬದಲಾದದ್ದು ಆ ಕೋಣೆಯಲ್ಲಿ ಅವನಿಗೊಬ್ಬನಿಗೇ ತಿಳಿಯಿತು.

"ಸಾಹೇಬ್ರ, ಪ್ಯಾನ ನೋಡಿ ಬರ್ತೇನ್ರಿ."

"ಏ, ಕಪ್ಪಿನ್ಯಾಗ ಹಂಗ ಐತಲ್ಲೋ. ನಮ್ಮ ಚಾ ಸೇರಂಗಿಲ್ಲೇನ? ಅಲ್ಲಿ ಹೋಗಿ ಕುಡೀಬೇಕಾಗೇತೇನ?"

ಕುಡಿದ. ಅಲ್ಲಿಂದ ಅಂಗಳ ದಾಟಿದ. ಇಲ್ಲಿ ಕುಡಿದು ಅಲ್ಲಿ ಬಿಟ್ಟರೆ ಅದೊಂದು ಬೇರೆ ಪ್ರಕರಣ. ಮೇಲೆ ಹತ್ತಿ ಗಾಜು ಬೆಳಕಿಗೆ ಹಿಡಿದಾಗ ಒಳ್ಳೆಯ ಹರಳುಗಳ ನಡುವೆ ಹಿಟ್ಟು ಚೆಲ್ಲಿದಂತೆ ಕಳ್ಳ ಹರಳು. ಇಪ್ಪತ್ತಾರು ವರ್ಷದಲ್ಲಿ ಬೇರೆಯವರ ಗಾಜಿನಲ್ಲಿ ಕಂಡಿದ್ದ, ತನ್ನದರಲ್ಲಿ ಹೀಗೆ ಕಂಡಿರಲಿಲ್ಲ. ನೀರು ಬಿಟ್ಟು ಕರಗಿಸಿ ಮತ್ತೆ ಕುದಿಸಿದ. ಮೂರು ತಾಸು ಹೋಯಿತು. ಯಾರಿಗೂ ಹೇಳಲಿಲ್ಲ.

ಎಂಟು ದಿನಕ್ಕೆ ಮತ್ತೆ ಹಾಗೇ ಆಯಿತು. ಈ ಸಲ ಕರಗಿಸಲು ವೇಳೆ ಇರಲಿಲ್ಲ, ಹಿಂದೆ ಪಾಕ ತುಂಬಿ ನಿಂತಿತ್ತು. ಹಾಗೇ ಇಳಿಸಿದ. ಮಾಸಲು ಸಕ್ಕರೆ ಚೀಲಕ್ಕೆ ಹೋಗಿ, ಚೀಲ ವ್ಯಾಪಾರಿಯ ಗೋದಾಮಿನಿಂದ ತಿರುಗಿ ಬಂತು.

ಎಂಡಿ ಸಾಹೇಬರ ಕೋಣೆಯಲ್ಲಿ ವಿಚಾರಣೆ ಕೂತಿತು. ಎಂಡಿ ವರ್ಗಾವಣೆಯ ಹಾದಿ ಕಾಯುತ್ತಿದ್ದ ಮನುಷ್ಯ. ಯಾವ ಕಾಗದದ ಮೇಲೂ ತನ್ನ ಅಕ್ಷರ ಬೀಳದಂತೆ ನೋಡಿಕೊಳ್ಳುವುದೇ ಅವನ ಜಾಣತನ. ಕಾಶಿನಾಥ ಎದ್ದು, "ಟೈಮ್ ಆಫೀಸಿನ್ಯಾಗ ನನ್ನ ಪ್ಯಾನಮನ್ನನ್ನ ಚಾ ಕುಡಿಸಿಕೋತ ಕುಂದ್ರಸ್ತಾರ್ರಿ" ಎಂದ. ಶ್ರೀಶೈಲ ಕುಳಿತಲ್ಲಿಂದಲೇ, "ಮೊದಲ ಎಲ್ಲಿ ಕುಡದ ಬರ್ತಾನ, ಅದನ್ನ ಕೇಳ್ರಿ. ನಮ್ಮಲ್ಲಿ ಐದ ಮಿನಿಟ, ಅವರಲ್ಲಿ ಹದಿನೆಂಟ ಮಿನಿಟ. ಸಾಕ್ಷಿ ಅದಾವ" ಎಂದ. ಸಾಕ್ಷಿಯಾಗಿ ಸಿದ್ರಾಯನನ್ನು ಇಬ್ಬರೂ ಕರೆದರು. ಅವನು ಇಬ್ಬರಿಗೂ ಹೌದೆಂದ. ಒಂದು ತಾಸು ಚಹಾದ ಮಿನಿಟುಗಳ ಲೆಕ್ಕ ನಡೆಯಿತು. ಪ್ಯಾನಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಎಂಡಿ ಕೇಳಿದ: "ಶೆಟ್ಟೆಪ್ಪ, ನೀವ ಹೇಳ್ರಿ. ಯಾರ ಚಾ ಕುಡಿಯೋ ಹೊತ್ತಿನ್ಯಾಗ ಕೆಟ್ಟೈತಿ?"

"ನಾ ಚಾ ಕುಡ್ಯಾಂವನ ಅಲ್ರಿ" ಎಂದ ಶೆಟ್ಟೆಪ್ಪ.

ಕೋಣೆ ನಕ್ಕಿತು. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಇರಬೇಕು ಎಂದು ಶ್ರೀಶೈಲ ಅಂದ. ಆ ಹಂಗಾಮಿನಲ್ಲಿ ಕಾಶಿನಾಥ ಅವನ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು. ಇಬ್ಬರೂ ಒಪ್ಪಿದ ಮೇಲೆ ತೀರ್ಪು ಸುಲಭ. ಶೆಟ್ಟೆಪ್ಪನನ್ನು ಕಬ್ಬಿನ ಗಾಡಿಗಳಿಗೆ ಸರದಿ ಚೀಟಿ ಕೊಡುವ ಯಾರ್ಡಿನ ಕಿಟಕಿಗೆ ಹಾಕಿದರು. ಮೂರನೇ ಪ್ಯಾನು ಸಿದ್ರಾಯನಿಗೆ ಹೋಯಿತು.

ಸಿದ್ರಾಯ ಹರಳನ್ನು ಗಾಜಿನ ಮೇಲೆ ನೋಡುವುದಕ್ಕಿಂತ ಮೊಬೈಲಿನಲ್ಲಿ ಫೋಟೋ ತೆಗೆದು ಎರಡೂ ಗುಂಪಿಗೆ ಹಾಕುವುದನ್ನು ಬಲ್ಲವನು. ದಿನ ಬಿಟ್ಟು ದಿನ ಪ್ಯಾನು ಕೆಟ್ಟಿತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಯಾರ್ಡಿನಲ್ಲಿ ಒಣಗಿದವು. ರೈತರು ಕಿಟಕಿಯ ಒಳಗಿದ್ದ ಶೆಟ್ಟೆಪ್ಪನನ್ನು ಬೈದರು. ಕಿಟಕಿಯಲ್ಲಿ ಇದ್ದವನು ಅವನೊಬ್ಬನೇ. ಬೋರ್ಡಿನ ಸಭೆ ಹತ್ತಿರ ಬಂದಾಗ ಸಾಹೇಬರಿಗೆ ಭಯ ಹತ್ತಿತು.

ಒಂದು ರವಿವಾರ ಮುಂಜಾನೆ ಶ್ರೀಶೈಲ ಹುಕ್ಕೇರಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಮಮದಾಪುರಕ್ಕೆ ಬಂದ. ಹೊರಸಿನ ಮೇಲೆ ಕುಳಿತು ಕ್ಷೇಮ ಸಮಾಚಾರ ಶುರು ಮಾಡುವಷ್ಟರಲ್ಲಿ ಕಾಶಿನಾಥನ ಕಾರು ಬಾಗಿಲ ಮುಂದೆ ನಿಂತಿತು. ಇಬ್ಬರೂ ಕದ್ದು ಬಂದವರು, ಒಬ್ಬರನ್ನೊಬ್ಬರು ಕಂಡು ಗೋಡೆ ನೋಡಿದರು.

ಹಣಮವ್ವ ಎರಡು ತಂಬಿಗೆ ತಂದು ಇಟ್ಟಳು. "ನಮ್ಮ ಮನ್ಯಾಗ ಚಾಪುಡಿ ಇರಂಗಿಲ್ರಿ. ಮಜ್ಜಿಗಿ ಐತಿ. ಒಂದ ಗಡಿಗ್ಯಾಂದ ತುಂಬೇನಿ, ಯಾರಿಗೂ ಬ್ಯಾರೆ ಮಾಡಿಲ್ಲ. ಹೊಟ್ಟಿಯೊಳಗ ಜಗಳಾಡಂಗಿಲ್ಲ, ಕುಡೀರಿ."

"ಏನ ಮಾತಾಡ್ತಿಯವಾ ತಂಗಿ!" ಎಂದು ಕಾಶಿನಾಥ ಹಲ್ಲು ತೋರಿಸಿದ.

"ಮೂಡಲಗಿ ಎಮ್ಮೀದ್ರಿ" ಎಂದಳು ಹಣಮವ್ವ, ಅವನ ಮುಖ ನೋಡುತ್ತಲೇ. ಸಿದ್ರಾಯನ ಸುದ್ದಿ ಅವಳಿಗೂ ಮುಟ್ಟಿತ್ತು.

ಶೆಟ್ಟೆಪ್ಪ ಒಂದೇ ಮಾತು ಕೇಳಿದ: "ನಾ ಪ್ಯಾನಿನ ಮುಂದ ಇದ್ದಾಗ ಯಾರೂ ಚಾಕ್ಕ ಕರೀಬಾರದ್ರಿ. ಅಷ್ಟ ಬರದ ಹಚ್ರಿ, ನಾಳೆ ಬರ್ತೇನಿ."

ಇಬ್ಬರೂ ಒಪ್ಪಿದರು. ಇಷ್ಟೇ ತಾನೆ ಎಂದರು. ಬರೆದು ಹಚ್ಚುವುದಕ್ಕೆ ಒಂಬತ್ತು ದಿನ ಬೇಕಾಯಿತು. ಪ್ಯಾನು ತಾಂತ್ರಿಕ ವಿಷಯ, ಆದ್ದರಿಂದ ಆದೇಶ ತನ್ನದೆಂದು ಕಾಶಿನಾಥ. ಚಹಾ ಕಾರ್ಮಿಕ ಕಲ್ಯಾಣದ ವಿಷಯ, ಆದ್ದರಿಂದ ತನ್ನದೆಂದು ಶ್ರೀಶೈಲ. ಇಬ್ಬರ ಸಹಿಯೂ ಇರಲಿ ಎಂದಾಗ ಮೇಲೆ ಯಾರದು ಎಂಬ ಪ್ರಶ್ನೆ ಬಂತು. ಅಕ್ಕಪಕ್ಕ ಇರಲಿ ಎಂದಾಗ ಎಡಕ್ಕೆ ಯಾರದು ಎಂದಾಯಿತು. ಟೈಪ್ ಮಾಡುವ ರಾಜೇಶ್ವರಿಯವರು ಬೇಸತ್ತು ಸಹಿಗಳನ್ನು ಅದಲು ಬದಲು ಮಾಡಿ ಎರಡು ಪ್ರತಿ ತೆಗೆದು, ಒಂದನ್ನು ಲ್ಯಾಬಿನ ಬಾಗಿಲಿಗೂ ಒಂದನ್ನು ಟೈಮ್ ಆಫೀಸಿನ ಬಾಗಿಲಿಗೂ ಅಂಟಿಸಿದರು. ಆ ಕಾರ್ಖಾನೆಯ ಆಡಳಿತದಲ್ಲಿ ಆ ವರ್ಷ ಬುದ್ಧಿ ಉಪಯೋಗಿಸಿದವರು ಅವರೊಬ್ಬರೇ. ಚಹಾ ನಿಷೇಧದ ಆದೇಶ ಹೊರಬಿದ್ದ ಖುಷಿಗೆ ಎರಡೂ ಕಡೆ ಚಹಾ ಆಯಿತು.

ಹಂಗಾಮು ಮುಗಿಯಲು ಹನ್ನೊಂದು ದಿನ ಇದ್ದಾಗ ಶೆಟ್ಟೆಪ್ಪ ಗಾಜು ಕಿಸೆಯಲ್ಲಿಟ್ಟುಕೊಂಡು ಅರವತ್ತೆರಡು ಮೆಟ್ಟಿಲು ಹತ್ತಿದ. ಮೊದಲ ಮೂರು ದಿನ ಮುಂಜಾನೆಯ ಪಾಳಿ. ಇಳಿಸಿದ ಸಕ್ಕರೆ ಹಿಂದಿನಂತೆಯೇ ಬೆಳ್ಳಗಿತ್ತು. ನಾಲ್ಕನೇ ದಿನ ಎರಡನೇ ಪಾಳಿ.

ನಾಲ್ಕಕ್ಕೆ ಇನ್ನೂ ಐದು ಮಿನಿಟು ಇತ್ತು. ಬೀಜ ಬಿಟ್ಟಾಗಿತ್ತು. ಯಾರೂ ಕರೆಯಲಿಲ್ಲ, ಯಾರೂ ಕರೆಯುವ ಹಾಗೂ ಇರಲಿಲ್ಲ. ಆದರೂ ಶೆಟ್ಟೆಪ್ಪನ ಕಿವಿ ಮೆಟ್ಟಿಲ ಕಡೆಗೆ ಹೋಯಿತು. ಗಾಜು ಬೆಳಕಿಗೆ ಹಿಡಿದ. ಹರಳು ನೋಡುವ ಬದಲು ಅದರಾಚೆ ಅಂಗಳ ನೋಡಿದ. ಜರ್ಮನ್ ಕಿಟ್ಲಿ ಟೈಮ್ ಆಫೀಸಿನ ಒಳಗೆ ಹೋಯಿತು. ಒಳಗೆ ಯಾರು ಯಾರು ಇರಬಹುದು, ತನ್ನ ಮಾತು ಬಂದಿರಬಹುದೇ, ಇಂದು ಬರಲಿಲ್ಲವೆಂದು ಯಾರಾದರೂ ಬರೆದುಕೊಂಡಿರಬಹುದೇ. ಅಷ್ಟರಲ್ಲಿ ಯಂತ್ರದ ಗುಂಯ್ ಬದಲಾಗಿತ್ತು. ಅದು ಬದಲಾದದ್ದು ಅವನಿಗೆ ಕೇಳಿಸಿರಲಿಲ್ಲ.

ಗಾಜಿನ ಮೇಲೆ ಕಳ್ಳ ಹರಳು.

ಕರಗಿಸಿ ಮತ್ತೆ ಕುದಿಸಿದ. ಮರುದಿನ ನಾಲ್ಕಕ್ಕೆ ಬೇಕೆಂದೇ ಕಿಟಕಿಗೆ ಬೆನ್ನು ಮಾಡಿ ನಿಂತ. ಬೆನ್ನಿಗೂ ಕಣ್ಣು ಬಂದಿತ್ತು. ಮತ್ತೆ ಅದೇ ಆಯಿತು. ಮನುಷ್ಯನಿಂದ ಕೆಲಸ ಕಸಿದುಕೊಳ್ಳುವುದಕ್ಕೆ ಅವನನ್ನು ಜಾಗದಿಂದ ಎಬ್ಬಿಸಬೇಕಾಗಿಲ್ಲ. ಅವನ ಗಮನವನ್ನು ಎಬ್ಬಿಸಿದರೆ ಸಾಕು, ಕೂತಲ್ಲೇ ಕೆಡುತ್ತಾನೆ. ಇಷ್ಟನ್ನು ಆ ಇಬ್ಬರು ಸಾಹೇಬರು ಅರಿತು ಮಾಡಿದರು ಎಂದರೆ ಅವರಿಗೆ ಇಲ್ಲದ ಬುದ್ಧಿಯನ್ನು ಆರೋಪಿಸಿದಂತೆ. ಅರಿಯದೆ ಮಾಡಿದರು.

ಪ್ಯಾನು ಕರಗಿಸಿ ಸರಿ ಮಾಡಿ, ಪಾಳಿಯ ಕೊನೆಗೆ ಇಳಿಸಿ, ಶೆಟ್ಟೆಪ್ಪ ಗಾಜನ್ನು ತೊಳೆದು ಒರೆಸಿದ. ಮರುದಿನ ಮಧ್ಯಾಹ್ನ ಲ್ಯಾಬಿಗೆ ಹೋಗಿ, ಯಾರ್ಡಿನ ಕಿಟಕಿಗೇ ಹಾಕಿರೆಂದು ಅರ್ಜಿ ಕೊಟ್ಟ.

ಕಾಶಿನಾಥ ಅರ್ಜಿ ಓದಲಿಲ್ಲ. "ಯಾರ ಬರಸ್ಯಾರ ಇದನ್ನ?" ಎಂದ.

"ನಾನ ಬರದೇನ್ರಿ."

"ಖರೆ ಹೇಳು. ಅಂವಾ ಬರಸ್ಯಾನ ಹೌದಲ್ಲೊ?"

"ನಾಲ್ಕಾತಂದ್ರ ನನಗ ಹರಳ ಕಾಣವಲ್ದರಿ ಸಾಹೇಬ್ರ."

"ಕಣ್ಣ ತೋರಸಬೇಕಾಗ್ತೈತಿ" ಎಂದು ಕಾಶಿನಾಥ ಅರ್ಜಿಯನ್ನು ಟೈಮ್ ಆಫೀಸಿಗೆ ಕಳಿಸಿದ. ಶ್ರೀಶೈಲ ಅದನ್ನು ಹಿಂದೆ ಮುಂದೆ ತಿರುವಿ, ಇದು ಮೊದಲು ಲ್ಯಾಬಿಗೆ ಹೋಗಿದ್ದೇಕೆ ಎಂದು ಕೇಳಿ, ಆ ಕಾರಣಕ್ಕಾಗಿಯೇ ಕೂಡಲೇ ಮಂಜೂರು ಮಾಡಿದ. ಯಾರ್ಡು ಕಬ್ಬಿನ ಅಧಿಕಾರಿಯ ಕೆಳಗೆ ಬರುತ್ತದೆ. ಹೀಗಾಗಿ ಶೆಟ್ಟೆಪ್ಪ ಮೊದಲಿನಿಂದಲೂ ಕಬ್ಬಿನ ಅಧಿಕಾರಿಯ ಪೈಕಿ ಇದ್ದ ಎಂದು ಎರಡೂ ಕಡೆ ಏಕಕಾಲಕ್ಕೆ ಜ್ಞಾನೋದಯವಾಯಿತು. ಶೆಟ್ಟೆಪ್ಪನ ಹೆಸರನ್ನೇ ಕೇಳಿರದ ಆ ಅಧಿಕಾರಿಗೆ ಒಂದೇ ದಿನ ಎರಡು ಕಡೆಯಿಂದ ಚಹಾಕ್ಕೆ ಕರೆ ಬಂತು.

ಗಾಜಿನ ತುಂಡು ಈಗ ಮಮದಾಪುರದ ಮನೆಯ ಗೋಡೆಯ ಮಾಡದಲ್ಲಿದೆ. ನಾಲ್ಕು ವರ್ಷ ಬಿಟ್ಟು ಬರಬೇಕಾದದ್ದು ಮೊದಲೇ ಬಂತು. ಹಣಮವ್ವ ಅದನ್ನು ಒರೆಸಿ ಅಲ್ಲೇ ಇಟ್ಟಳು. ಶೆಟ್ಟೆಪ್ಪ ಕಿಟಕಿಯಲ್ಲಿ ಕುಳಿತು ಚೀಟಿ ಕೊಡುತ್ತಾನೆ. ಪಕ್ಕದಲ್ಲಿ ಮಜ್ಜಿಗೆಯ ಬಾಟಲಿ. ಆ ಕೆಲಸದಲ್ಲಿ ತಪ್ಪು ಮಾಡುವುದು ಸಾಧ್ಯವಿಲ್ಲ. ಚೆನ್ನಾಗಿ ಮಾಡುವುದೂ ಸಾಧ್ಯವಿಲ್ಲ.

ಆ ಹಂಗಾಮಿನ ಕೊನೆಯ ಪ್ಯಾನನ್ನು ಸಿದ್ರಾಯ ಇಳಿಸಿದ. ಸಕ್ಕರೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಮಾರಲು ಬರುವಂತಿರಲಿಲ್ಲ. ಬಿಸಾಡುವುದೇಕೆಂದು ಅರ್ಧ ಚೀಲವನ್ನು ಕ್ಯಾಂಟೀನಿಗೂ ಅರ್ಧ ಚೀಲವನ್ನು ಗೇಟಿನ ಆಚೆಯ ಹೋಟೆಲಿಗೂ ಕೊಟ್ಟರು. ನಾಲ್ಕಕ್ಕೆ ಎರಡೂ ಕಿಟ್ಲಿ ಬಂದವು. ಸಾಹೇಬರು ಕುಡಿದರು. ರುಚಿ ಬದಲಾದದ್ದು ಯಾರಿಗೂ ತಿಳಿಯಲಿಲ್ಲ.